ಗುಂಡಿ ತೋಡೋದು ನಿಲ್ಲಿಸಿದ ಮೇಲೆ ಮರಡಿ ಚಿಗುರಿತು

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಹೊಲ. ಅದರ ನಡುವೆ ಒಂದೂವರೆ ಎಕರೆ ಕಲ್ಲು ಮರಡಿ, ಅಂದರೆ ಸಣ್ಣ ದಿಬ್ಬ. ಸುತ್ತ ಮೆಕ್ಕೆಜೋಳ, ಅದರಾಚೆ ಅಡಿಕೆ ತೋಟಗಳು. ನೇಗಿಲು ಇಳಿಯಲ್ಲ ಅಂತಲೇ ಉಳಿದಿದ್ದ ಕಾಡಿನ ತುಂಡು ಅದು. ನಾನು ಹೊಲ ನೋಡಿಕೊಳ್ಳಲು ಬಂದಾಗ ಅಲ್ಲಿ ಕಾಣುತ್ತಿದ್ದದ್ದು ಲಾಂಟಾನ, ಒಂದಿಷ್ಟು ಬಂದರಿಕೆ, ಮತ್ತೆ ಕುರಿ ಕಚ್ಚಿ ಕಚ್ಚಿ ನೆಲಕ್ಕೆ ಅಂಟಿಕೊಂಡ ಪೊದೆಗಳು.

2019ರ ಮುಂಗಾರಿಗೆ ಇನ್ನೂರು ಸಸಿ ತಂದು ನೆಟ್ಟೆ. ಬೇವು, ಹೊಂಗೆ, ಹೊನ್ನೆ. ಮುಂದಿನ ಬೇಸಿಗೆ ಮುಗಿಯೋ ಹೊತ್ತಿಗೆ ಉಳಿದದ್ದು ಹದಿನೇಳು. ತುಂಬಾ ಬೇಜಾರಾಯ್ತು. ಗೊಲ್ಲರಹಟ್ಟಿಯಿಂದ ಕುರಿ ಹೊಡ್ಕೊಂಡು ಬರೋ ಅಜ್ಜ ಒಂದಿನ ಅಲ್ಲೇ ಕೂತು, ಪೊದೆಯೊಂದರ ಬುಡ ಕೆದಕಿ ತೋರಿಸಿದರು.

"ಇದು ತುಗ್ಗಲಿ ಕಣಪ್ಪ. ಬೇರು ನಿಂಗಿಂತ ಹಳೇದೈತೆ. ಎಲ್ಡು ಮಳೆಗಾಲ ಯಾವುದಕ್ಕೂ ಬಾಯಿ ಹಾಕಿಸ್ಬೇಡ, ನೋಡು."

"ಹಂಗಾದ್ರೆ ನಿಮ್ಮ ಕುರಿ ಏನು ಮಾಡ್ಬೇಕು ಅಜ್ಜ?"

"ಹುಲ್ಲು ಕೊಯ್ಕಂತೀನಿ ಬಿಡು."

ಮರಡಿಯ ಮಣ್ಣಿನಲ್ಲಿ ತುಗ್ಗಲಿ, ದಿಂಡಿಗ, ಕಕ್ಕೆ, ಮುತ್ತುಗ ಮರಗಳೆಲ್ಲದರ ಬೇರೂ ಜೀವ ಹಿಡಿದು ಕೂತಿತ್ತು. ನಾನು ಗುಂಡಿ ತೋಡಿಸುವಾಗ ಆ ಬೇರುಗಳನ್ನೇ ಕಡಿಸಿದ್ದೆ. ಇದನ್ನು ನೆನೆದರೆ ಇವತ್ತಿಗೂ ಸಂಕಟ ಆಗುತ್ತೆ.

ಆಮೇಲೆ ಒಂದು ಸಸಿಯನ್ನೂ ನೆಡಲಿಲ್ಲ. ಕಾರೆ ಮುಳ್ಳು ತಂದು ಬೇಲಿ ಹಾಕಿದೆ. ಜನವರಿಯಲ್ಲೇ ಸುತ್ತ ಹತ್ತು ಅಡಿ ಅಗಲಕ್ಕೆ ಹುಲ್ಲು ಕೆತ್ತಿಸಿದೆ, ಬೇಸಿಗೆಯ ಕಿಚ್ಚು ಒಳಗೆ ನುಗ್ಗಬಾರದು ಅಂತ. ಒಳಗಿನ ಹುಲ್ಲು ಅಜ್ಜನ ಪಾಲು.

ಬೆವರು ಜಾಸ್ತಿ ಹರಿದದ್ದು ಲಾಂಟಾನ ಕಳೆ ಕೀಳೋದಕ್ಕೆ. ಮೇಲೆ ಸವರಿದರೆ ಅದು ದುಪ್ಪಟ್ಟು ಚಿಗುರುತ್ತೆ. ಬುಡದ ಮಣ್ಣು ಬಿಡಿಸಿ, ನೆಲದಿಂದ ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿಯಬೇಕು. ಕಿತ್ತ ಗಿಡವನ್ನು ಬೇರು ಮೇಲೆ ಮಾಡಿ ಬಂಡೆ ಮೇಲೆ ಒಣಗಿಸಬೇಕು. ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತೆ. ಇಷ್ಟಾದರೂ ಮುಗಿಯಲ್ಲ. ಪಿಕಳಾರ ಹಕ್ಕಿ ಅದರ ಹಣ್ಣು ತಿಂದು ಬೀಜ ಉದುರಿಸುತ್ತಲ್ವಾ, ಹಕ್ಕಿ ಕೂರೋ ಮರದ ಬುಡದಲ್ಲಿ ಪ್ರತಿ ಮಳೆಗಾಲ ಸಸಿ ಏಳುತ್ತೆ. ಹಸಿ ಇದ್ದಾಗಲೇ ಕೈಯಲ್ಲಿ ಕೀಳಬೇಕು.

ಎರಡನೇ ಮಳೆಗಾಲಕ್ಕೆ ಅಜ್ಜ ತೋರಿಸಿದ ತುಗ್ಗಲಿ ಬುಡ ನೋಡಿದೆ. ಎರಡು ಮುಷ್ಟಿ ದಪ್ಪದ ಗಂಟು, ಅದರ ಸುತ್ತ ಹದಿನಾಲ್ಕು ಚಿಗುರು. ಎಲ್ಲಾ ಬಿಟ್ಟರೆ ಪೊದೆಯಾಗಿಯೇ ಉಳಿಯುತ್ತೆ. ನೆಟ್ಟಗಿದ್ದ ಮೂರು ಇಟ್ಟು, ಮಿಕ್ಕಿದ್ದನ್ನು ಮಚ್ಚಿನಿಂದ ಓರೆಯಾಗಿ ಸವರಿದೆ, ನೀರು ನಿಲ್ಲದ ಹಾಗೆ. ಆ ಮೂರರಲ್ಲಿ ಒಂದು ಈಗ ನನಗಿಂತ ಎತ್ತರ.

2022ರಲ್ಲಿ ಮಳೆ ಹೇಗೆ ಹೊಡೀತು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ, ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಹೊಲದಲ್ಲಿ ಮಣ್ಣು ಕೊಚ್ಚಿ ಹೋಯ್ತು, ಮರಡಿಯ ಕೆಳಗಿನ ಬದುವಿನಲ್ಲಿ ಮಾತ್ರ ತಿಳಿ ನೀರು ಹರಿಯಿತು. ಮರುವರ್ಷ ಬರ. ಮೆಕ್ಕೆಜೋಳ ತೆನೆ ಕಟ್ಟುವ ಮೊದಲೇ ಸುರುಟಿತು. ಮರಡಿ ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ಸತ್ತೇ ಹೋಯ್ತು ಅಂದುಕೊಂಡೆ. ಬೇಸಿಗೆಯಲ್ಲಿ, ಒಂದು ಹನಿ ಮಳೆ ಬೀಳುವ ಮೊದಲೇ, ದಿಂಡಿಗ ಚಿಗುರಿತು. ಕಕ್ಕೆ ಹಳದಿ ಹೂ ಬಿಟ್ಟಿತು. ಅವತ್ತು ಮನೆಯವರನ್ನೆಲ್ಲ ಕರ್ಕೊಂಡು ಹೋಗಿ ತೋರಿಸಿದೆ.

ಈಗ ಕಾಜಾಣ ಹಕ್ಕಿಗಳು ಅಲ್ಲಿಂದ ಹಾರಿ ಬಂದು ಮೆಕ್ಕೆಜೋಳದಲ್ಲಿ ಹುಳ ಹಿಡಿಯುತ್ತವೆ. ಮೆಕ್ಕೆಜೋಳದ ಸುಳಿ ತಿನ್ನೋ ಲದ್ದಿ ಹುಳು ಇದರಿಂದಲೇ ಹೋಗುತ್ತೆ ಅಂತ ನಾನು ಹೇಳಲ್ಲ, ಸುಳಿಯೊಳಗೆ ಸೇರಿದ ಹುಳು ಹಕ್ಕಿಗೆ ಸಿಗಲ್ಲ.

ಹೋದ ವರ್ಷ ಕಾರೆ ಪೊದೆಯೊಳಗೆ ಒಂದು ಶ್ರೀಗಂಧದ ಸಸಿ ಕಂಡಿತು. ಯಾವುದೋ ಹಕ್ಕಿ ಹಾಕಿದ ಬೀಜ. ಶ್ರೀಗಂಧಕ್ಕೆ ಬೇರೆ ಗಿಡದ ಬೇರು ಆಸರೆ ಬೇಕು, ಅದು ಸರಿಯಾದ ಜಾಗದಲ್ಲೇ ಬಿದ್ದಿದೆ. ಅಜ್ಜನಿಗೆ ತೋರಿಸಿದೆ. ಮುಳ್ಳು ಸರಿಸಿ ಎಲೆ ಮುಟ್ಟಿ ನೋಡಿ, ಮುಳ್ಳನ್ನು ಮತ್ತೆ ಮೊದಲಿನಂತೆಯೇ ಮುಚ್ಚಿದರು.