ಅಡಿಕೆ ಲೆಕ್ಕ ಕಳೆದುಕೊಳ್ಳದೆ ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಳ್ಳುವುದು

ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಮಂಡಿ ಪಟ್ಟಿ, ಕೊಯ್ಲಿನ ಕೂಲಿ, ಗೊಬ್ಬರದ ಬಾಕಿ, ಎಲ್ಲ ಲೆಕ್ಕವೂ ಅದರ ವಿಂಡೋಸ್ 11ರಲ್ಲಿ, ಟ್ಯಾಲಿಯೊಳಗೆ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗಳಿಗೆ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಬೇಕಾಯಿತು. ರಜೆಗೆ ತೀರ್ಥಹಳ್ಳಿಗೆ ಬಂದವಳು, "ಮಾವ, ಎರಡೂ ಇಟ್ಕೊಬಹುದು, ನಿಮ್ಮ ಲೆಕ್ಕಕ್ಕೆ ಏನೂ ಆಗಲ್ಲ" ಅಂದಳು. ಏನೂ ಆಗಲಿಲ್ಲ, ನಿಜ. ಆದರೆ ಒಂದು ಸಂಜೆ ಎಲ್ಲವೂ ಹೋಯಿತು ಅಂತಲೇ ಅಂದುಕೊಂಡಿದ್ದೆ. ಅಲ್ಲಿಂದಲೇ ಹೇಳುತ್ತೇನೆ.

ಯಾರೋ ಹೇಳಿದ್ದು ಕೇಳಿ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಗೆ ಹೋಗಿ, ನಂಬಿಕಸ್ತ ಸಿಸ್ಟಮ್ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಿದೆ. ವಾಪಸ್ ವಿಂಡೋಸ್ ತೆರೆಯಲು ಹೋದರೆ ನೀಲಿ ಪರದೆ, ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅನ್ನುತ್ತದೆ. 48 ಅಂಕಿ, ಆರಾರರ ಎಂಟು ಗುಂಪು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಸಾಮಾನ್ಯವಾಗಿ ಡಿಸ್ಕ್‌ಗೆ ತಾನಾಗಿಯೇ ಬಿಟ್‌ಲಾಕರ್‌ನ ಬೀಗ ಬಿದ್ದಿರುತ್ತದೆ. ಆ ಬೀಗದ ಕೈ ಇರುವುದು ಟಿಪಿಎಂ ಎಂಬ ಚಿಪ್‌ನಲ್ಲಿ. ಬೂಟ್ ಸೆಟ್ಟಿಂಗ್ ಬದಲಾದರೆ ಯಾರೋ ಕಳ್ಳಗೈ ಹಾಕಿದ್ದಾರೆಂದು ಆ ಚಿಪ್ ಕೀಲಿ ಬಿಟ್ಟುಕೊಡುವುದಿಲ್ಲ. ನಮ್ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಟಾರ್ಚ್ ಹಿಡಿದು ಗುಡ್ಡ ಹತ್ತಿ, ಫೋನಿನಲ್ಲಿ ಮೈಕ್ರೋಸಾಫ್ಟ್ ಖಾತೆ ತೆರೆದು, ಹಳೆಯ ಮಂಡಿ ಚೀಟಿಯ ಹಿಂದೆ 48 ಅಂಕಿ ಬರೆದುಕೊಂಡು ಬಂದೆ. ಆ ಚೀಟಿ ಈಗಲೂ ಲೆಕ್ಕದ ಪುಸ್ತಕದೊಳಗಿದೆ.

ಹಾಗಾಗಿ ಮೊದಲ ಕೆಲಸ ಆ 48 ಅಂಕಿಯ ರಿಕವರಿ ಕೀ ಬರೆದಿಡುವುದು, ಟ್ಯಾಲಿ ಡೇಟಾ ಮತ್ತು ಫೋಟೋಗಳನ್ನು ಬೇರೊಂದು ಡಿಸ್ಕ್‌ಗೆ ಹಾಕಿಕೊಳ್ಳುವುದು. ಆಮೇಲೆ ಸೆಟ್ಟಿಂಗ್ಸ್‌ನ ಪ್ರೈವಸಿ ಆಂಡ್ ಸೆಕ್ಯೂರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಬೀಗ ಪೂರ್ತಿ ಬಿಚ್ಚುವವರೆಗೆ ಕಾಯಿರಿ. ಸೆಕ್ಯೂರ್ ಬೂಟ್ ಮುಟ್ಟುವುದೇ ಬೇಡ, ನಾವು ಹಾಕಿದ ಮಿಂಟ್ ಎಂಬ ಲಿನಕ್ಸ್ ಅದರ ಜೊತೆಯಲ್ಲೇ ನಡೆಯುತ್ತದೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ಅದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಬರೆಯಲು ಆಗುವುದಿಲ್ಲ.

ಮಿಂಟ್‌ನ ಐಎಸ್ಒ ಫೈಲ್, ಅಂದರೆ ಇನ್‌ಸ್ಟಾಲ್ ಮಾಡಲು ಬೇಕಾದದ್ದೆಲ್ಲ ಇರುವ ಫೈಲ್, ಸುಮಾರು 3 ಜಿಬಿ. ಹಳ್ಳಿಯ ನೆಟ್‌ನಲ್ಲಿ ಇಳಿಸಲು ಹೋಗಬೇಡಿ, ಪೇಟೆಗೆ ಹೋದಾಗ ಇಳಿಸಿಕೊಳ್ಳಿ. ಇಳಿದ ಮೇಲೆ ಸೆವೆನ್‌ಜಿಪ್‌ನ ರೈಟ್ ಕ್ಲಿಕ್ ಮೆನುವಿನಲ್ಲಿ ಫೈಲಿನ ಗುರುತಿನ ಸಂಖ್ಯೆಯಾದ ಎಸ್‌ಎಚ್‌ಎ-256 ನೋಡಿ, ಮಿಂಟ್‌ನವರು ಕೊಟ್ಟ ಸಂಖ್ಯೆಗೆ ತಾಳೆ ಹಾಕಿ. ಅರ್ಧಂಬರ್ಧ ಇಳಿದ ಫೈಲಾದರೆ ಇನ್‌ಸ್ಟಾಲ್ ನಡುವೆ ಕೈಕೊಡುತ್ತದೆ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ಸಾಫ್ಟ್‌ವೇರ್‌ನಿಂದ ಅದನ್ನು ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಇನ್ನು ಜಾಗ. ತೋಟ ಪಾಲು ಮಾಡುವಾಗ ಮೊದಲು ಗಡಿ ಕಲ್ಲು ನೆಟ್ಟ ಹಾಗೆ, ಇದನ್ನು ವಿಂಡೋಸ್‌ನಲ್ಲೇ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್, 51200 ಎಂಬಿ, ಅಂದರೆ 50 ಜಿಬಿ. ನನ್ನ ಡಿಸ್ಕ್‌ನಲ್ಲಿ 300 ಜಿಬಿ ಖಾಲಿಯಿದ್ದರೂ 18 ಜಿಬಿ ಮಾತ್ರ ಬಿಡುತ್ತೇನೆಂದಿತು. ಸರಿಸಲಾಗದ ಕೆಲವು ಫೈಲ್‌ಗಳು ನಡುವೆ ಕೂತಿರುತ್ತವೆ. ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ ಜಾಗ ಬಿಟ್ಟಿತು. ಬಿಟ್ಟ ಜಾಗವನ್ನು ಹಾಗೇ ಖಾಲಿ ಇಡಿ, ಫಾರ್ಮ್ಯಾಟ್ ಮಾಡಬೇಡಿ.

ನಮ್ಮ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೋ ಹೇಳಲಾಗದು. ಡಿಸ್ಕ್ ಕೆಲಸಕ್ಕೆ ಕೂರುವ ಮೊದಲು ಬ್ಯಾಟರಿ ಪೂರ್ತಿ ತುಂಬಿರಲಿ. ಗುಡುಗು ಶುರುವಾದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಮುಗಿಸಿ. ನನಗೆ ಇನ್‌ಸ್ಟಾಲ್‌ಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೆ ಯೂಸ್ ಎ ಡಿವೈಸ್ ಅಂತ ಬರುತ್ತದೆ, ಅಲ್ಲಿ ಪೆನ್‌ಡ್ರೈವ್ ಆರಿಸಿ. ಮಿಂಟ್ ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ವೈಫೈ, ಟಚ್‌ಪ್ಯಾಡ್, ಸೌಂಡ್ ಮೊದಲು ನೋಡಿ. ವೈಫೈ ಸಿಗದಿದ್ದರೆ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿ.

ಇನ್‌ಸ್ಟಾಲರ್‌ನಲ್ಲಿ ಎರೇಸ್ ಡಿಸ್ಕ್ ಎಂಬ ಸಾಲಿನ ಹತ್ತಿರವೂ ಹೋಗಬೇಡಿ, ಅದು ಎಲ್ಲವನ್ನೂ ಒರೆಸಿಬಿಡುತ್ತದೆ. ನಾನು ಸಮ್‌ಥಿಂಗ್ ಎಲ್ಸ್ ಆರಿಸಿಕೊಂಡೆ. ಫ್ರೀ ಸ್ಪೇಸ್ ಎಂದು ಕಾಣುವ ಆ 50 ಜಿಬಿ ಮೇಲೆ ಪ್ಲಸ್ ಒತ್ತಿ, ಫೈಲ್ ಇಡುವ ವಿಧಾನಕ್ಕೆ ಇಎಕ್ಸ್‌ಟಿ4, ಮೌಂಟ್ ಪಾಯಿಂಟ್‌ಗೆ ಬರೀ ಓರೆಗೆರೆ (/). ಸಿಸ್ಟಮ್ ಶುರುಮಾಡುವ ಫೈಲ್‌ಗಳಿರುವ ಇಎಫ್ಐ ಎಂಬ ಚಿಕ್ಕ ಭಾಗ ಡಿಸ್ಕ್‌ನಲ್ಲಿ ಮೊದಲೇ ಇರುತ್ತದೆ. ಎರಡೂ ಸಿಸ್ಟಮ್ ಅದನ್ನೇ ಹಂಚಿಕೊಳ್ಳುವುದರಿಂದ ಅದರ ಫಾರ್ಮ್ಯಾಟ್ ಟಿಕ್ ಖಾಲಿ ಇರಲಿ. ಯಾವ ಸಿಸ್ಟಮ್ ಬೇಕೆಂದು ಕೇಳುವ ಬೂಟ್ ಲೋಡರ್ ಹೋಗುವ ಜಾಗ ಒಳಗಿನ ಡಿಸ್ಕ್ ಆಗಿರಬೇಕು, ಪೆನ್‌ಡ್ರೈವ್ ಅಲ್ಲ.

ಮುಗಿದು ರೀಸ್ಟಾರ್ಟ್ ಆದಾಗ ಎರಡೂ ಹೆಸರಿರುವ ಪಟ್ಟಿ ಬರಬೇಕು. ನೇರ ವಿಂಡೋಸ್‌ಗೇ ಹೋದರೆ ಗಾಬರಿ ಬೇಡ, ಬಯಾಸ್‌ನ ಬೂಟ್ ಆರ್ಡರ್‌ನಲ್ಲಿ ಉಬುಂಟು ಎಂಬುದನ್ನು ಮೇಲಕ್ಕೆ ತನ್ನಿ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನಿಂದ ಬಂದದ್ದಾದ್ದರಿಂದ ಮಿಂಟ್ ಅಲ್ಲಿ ಆ ಹೆಸರಿನಲ್ಲೇ ಕಾಣುತ್ತದೆ. ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಅದು ಲಿನಕ್ಸ್ ಯುಟಿಸಿ ಎಂಬ ಜಾಗತಿಕ ಸಮಯ ಬರೆದಿಟ್ಟದ್ದರಿಂದ. ಡೇಟ್ ಆಂಡ್ ಟೈಮ್‌ನಲ್ಲಿ ಸಿಂಕ್ ನೌ ಒತ್ತಿದರೆ ಆ ಹೊತ್ತಿಗೆ ಸರಿಯಾಗುತ್ತದೆ.

ಕನ್ನಡ ಟೈಪಿಂಗ್‌ಗೆ ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಹಾಕಿಕೊಂಡು ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಆರಿಸಿ, ನುಡಿ ಸಾಫ್ಟ್‌ವೇರ್‌ನಲ್ಲಿ ಕಲಿತ ಕೀಲಿಗಳೇ. ಗುಬ್ಬಿ, ನವಿಲು ಎಂಬ ಎರಡು ಫಾಂಟ್‌ಗಳೂ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿವೆ. ನನ್ನ ಈ ಬರಹ ನವಿಲಿನಲ್ಲೇ ಟೈಪ್ ಆಗಿದ್ದು, ಟ್ಯಾಲಿ ಲೆಕ್ಕ ಮುಗಿಸಿ ರೀಸ್ಟಾರ್ಟ್ ಮಾಡಿದ ಮೇಲೆ.