ಬೆಕ್ಕಿನ ಚುಚ್ಚುಮದ್ದು ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಕರಾವಳಿಯಲ್ಲಿ ಮೀನು ತಿನ್ನುವ ಮನೆ ಎಂದ ಮೇಲೆ ಹಿತ್ತಲಲ್ಲಿ ಬೆಕ್ಕು ಇದ್ದೇ ಇರುತ್ತದೆ. ಈಗೀಗ ಅವುಗಳಿಗೆ ಚುಚ್ಚುಮದ್ದು ಕೊಡಿಸುವವರೂ ಜಾಸ್ತಿಯಾಗಿದ್ದಾರೆ, ಅದು ಸಂತೋಷದ ವಿಷಯ. ಆದರೆ ಬೀದಿಮರಿಗಳನ್ನು ಸಾಕಿ ಮನೆ ಹುಡುಕಿ ಕೊಡುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ: ಲಸಿಕೆ ಕಾರ್ಡಿನ ಮೊದಲ ಸಾಲಿನಲ್ಲಿ ಸ್ಟಿಕ್ಕರ್ ಇರುತ್ತದೆ, ಡಾಕ್ಟ್ರ ಸಹಿ ಇರುತ್ತದೆ, ಅದರ ಕೆಳಗೆ ಎಲ್ಲ ಖಾಲಿ. "ಇಂಜೆಕ್ಷನ್ ಕೊಡಿಸಿದ್ದೆವಲ್ಲ, ಆದ್ರೂ ಮರಿ ಯಾಕೆ ಸತ್ತಿತು?" ಎಂದು ಕೇಳುವವರ ಕೈಯಲ್ಲಿರುವುದು ಇಂಥದೇ ಕಾರ್ಡ್.

ಯಾಕೆ ಮತ್ತೆ ಹೋಗಲಿಲ್ಲ ಎಂದರೆ ದುಡ್ಡಿನ ಮಾತು ಬರುವುದು ಕಡಿಮೆ. "ಅದು ಕೈಗೇ ಸಿಗುವುದಿಲ್ಲ ಮಾರಾಯ್ರೇ" ಎನ್ನುತ್ತಾರೆ. ಮೊದಲ ಸಲ ಗೋಣಿಗೆ ತುಂಬಿಸಿ, ಬಾಯಿ ಕಟ್ಟಿ, ಸ್ಕೂಟರಿನ ಮುಂದೆ ಇಟ್ಟು ಕೊಂಡುಹೋಗಿರುತ್ತಾರೆ. ಎರಡನೇ ಸಲ ಗೋಣಿ ಕಂಡ ಕೂಡಲೇ ಬೆಕ್ಕು ಮಾಡಿನ ಮೇಲೆ. ಹಾಗಾಗಿ ಇಲ್ಲಿ ಮದ್ದಿನಷ್ಟೇ ಪೆಟ್ಟಿಗೆಯ ಮಾತೂ ಇದೆ.

ಯಾವ ಲಸಿಕೆ, ಯಾವಾಗ

ಮುಖ್ಯವಾಗಿ ಎರಡು. ಮೂರು ರೋಗಕ್ಕೆ ಒಟ್ಟಿಗೆ ಕೊಡುವ ಒಂದು, ಕ್ಲಿನಿಕ್‌ಗಳಲ್ಲಿ ಇದನ್ನು ಟ್ರೈಕ್ಯಾಟ್ ಎಂದೇ ಹೇಳುತ್ತಾರೆ. ಇನ್ನೊಂದು ರೇಬೀಸ್‌ದು. ಆ ಮೂರು ರೋಗಗಳಲ್ಲಿ ಮರಿಗಳನ್ನು ಹೆಚ್ಚು ಕೊಲ್ಲುವುದು ಪ್ಯಾನ್‌ಲ್ಯುಕೋಪೀನಿಯಾ. ನಾಯಿಮರಿಗಳಿಗೆ ಬರುವ ಪಾರ್ವೋ ಜಾತಿಯದೇ ವೈರಸ್. ವಾಂತಿ, ಭೇದಿ, ಜ್ವರ. ನೀರಿನ ಬಟ್ಟಲಿನ ಮೇಲೆ ತಲೆ ಬಗ್ಗಿಸಿ ಕೂತಿರುತ್ತದೆ, ಕುಡಿಯುವುದಿಲ್ಲ. ಉಳಿದೆರಡು, ಹರ್ಪಿಸ್ ಮತ್ತು ಕ್ಯಾಲಿಸಿ, ಶೀತ, ಕಣ್ಣಿನ ಗೀಜು, ಬಾಯಿಹುಣ್ಣು ತರುತ್ತವೆ. ಈ ಎರಡನ್ನು ಲಸಿಕೆ ಪೂರ್ತಿ ತಡೆಯುವುದಿಲ್ಲ, ಜೋರನ್ನು ಕಡಿಮೆ ಮಾಡುತ್ತದೆ.

ಮರಿಗೆ 6ರಿಂದ 8 ವಾರವಾದಾಗ ಶುರು. ಸಿಕ್ಕಿದ ಮರಿಯ ವಯಸ್ಸು ಗೊತ್ತಿಲ್ಲ ಅಂತಾದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ: ಚೆನ್ನಾಗಿ ತಿಂದುಕೊಂಡಿರುವ ಮರಿ ಎರಡು ತಿಂಗಳಿಗೆ ಹೆಚ್ಚುಕಡಿಮೆ 900 ಗ್ರಾಂ ಇರುತ್ತದೆ. ಎದುರಿನ ಪುಟ್ಟ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುತ್ತಿದ್ದರೆ ಸುಮಾರು ನಾಲ್ಕು ತಿಂಗಳು.

ಇನ್ನು ಒಂದೇ ಡೋಸ್ ಯಾಕೆ ಸಾಲದು ಎನ್ನುವುದು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಕೆಲವು ವಾರ ಉಳಿದಿರುತ್ತದೆ. ಅದು ರೋಗವನ್ನು ತಡೆಯುವ ಹಾಗೆಯೇ ಲಸಿಕೆಯನ್ನೂ ತಡೆದುಬಿಡುತ್ತದೆ. ಒಂದು ಮರಿಯಲ್ಲಿ ಅದು 8 ವಾರಕ್ಕೇ ಖಾಲಿ, ಅದೇ ಸೂಲಿನ ಇನ್ನೊಂದರಲ್ಲಿ 14 ವಾರವಾದರೂ ಇರಬಹುದು. ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ 3-4 ವಾರಕ್ಕೊಮ್ಮೆ ಮತ್ತೆ ಕೊಡುವುದು. ಲೆಕ್ಕಕ್ಕೆ ಹಿಡಿಯಬೇಕಾದ್ದು 16 ವಾರ ತುಂಬಿದ ಮೇಲೆ ಕೊಟ್ಟ ಡೋಸನ್ನು. 8 ವಾರಕ್ಕೆ ಶುರುಮಾಡಿದರೆ 8, 12, 16. ಕೆಲವು ಕಡೆ ಎರಡಕ್ಕೇ ನಿಲ್ಲಿಸುತ್ತಾರೆ, ಮೂರನೆಯದನ್ನು ನೀವೇ ಬಾಯಿಬಿಟ್ಟು ಕೇಳಿ. ರೇಬೀಸ್ ಲಸಿಕೆ 12 ವಾರದ ನಂತರ. ಆಮೇಲೆ ಟ್ರೈಕ್ಯಾಟ್ ಬೂಸ್ಟರ್ ಒಂದು ವರ್ಷಕ್ಕೆ ಎಂದು ಕಾರ್ಡಿನಲ್ಲಿ ಬರೆಯುವುದು ರೂಢಿ, ಆದರೆ ಸಾಕುಪ್ರಾಣಿ ವೈದ್ಯರ ಜಾಗತಿಕ ಸಂಘಟನೆ ಡಬ್ಲ್ಯುಎಸ್‌ಎವಿಎ 2024ರ ಮಾರ್ಗಸೂಚಿಯಲ್ಲಿ ಅಷ್ಟು ಕಾಯದೆ 26 ವಾರಕ್ಕೇ ಕೊಡುವುದು ಒಳ್ಳೆಯದು ಎಂದಿದೆ. ನಾನು ಮನೆಗೆ ಕೊಡುವ ಮರಿಗಳಿಗೆ ಹೀಗೇ ಹೇಳುತ್ತೇನೆ. ಮುಂದೆ ಟ್ರೈಕ್ಯಾಟ್ ಪ್ರತಿವರ್ಷವೋ ಮೂರು ವರ್ಷಕ್ಕೊಮ್ಮೆಯೋ ಎನ್ನುವುದು ಬೆಕ್ಕು ಹೊರಗೆ ಎಷ್ಟು ತಿರುಗುತ್ತದೆ ಎನ್ನುವುದರ ಮೇಲೆ, ಡಾಕ್ಟ್ರ ಜೊತೆ ಮಾತಾಡಿ. ರೇಬೀಸ್ ಮಾತ್ರ ವರ್ಷಕ್ಕೊಮ್ಮೆ, ಅದರಲ್ಲಿ ರಾಜಿ ಬೇಡ.

ದೊಡ್ಡ ಬೆಕ್ಕು ಮನೆಗೆ ಬಂದು ಸೇರಿಕೊಂಡಿದ್ದರೆ 3-4 ವಾರದ ಅಂತರದಲ್ಲಿ ಎರಡು ಟ್ರೈಕ್ಯಾಟ್, ಒಂದು ರೇಬೀಸ್. ಗಬ್ಬದ ಬೆಕ್ಕಾದರೆ ಮೊದಲೇ ಹೇಳಿ. ಜೀವಂತ ವೈರಸ್ಸಿನ ಲಸಿಕೆ ಹೊಟ್ಟೆಯೊಳಗಿನ ಮರಿಗಳ ಮೆದುಳಿಗೆ ಪೆಟ್ಟು ಮಾಡಬಹುದು.

ಹುಳದ ಮದ್ದು ಲಸಿಕೆಗೆ ವಾರ ಮೊದಲು, ತೂಕ ನೋಡಿ. ನಾಯಿಯ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಹಾಕಬೇಡಿ.

ಪೆಟ್ಟಿಗೆ

ಗಟ್ಟಿ ಪ್ಲಾಸ್ಟಿಕ್ಕಿನ, ಮೇಲಿನ ಅರ್ಧ ಕಳಚಲು ಬರುವ ಕ್ಯಾರಿಯರನ್ನೇ ತೆಗೆದುಕೊಳ್ಳಿ. ಮುಚ್ಚಳ ತೆಗೆದರೆ ಬೆಕ್ಕು ತನ್ನ ತಳದಲ್ಲೇ ಕೂತಿರುವಾಗ ಡಾಕ್ಟ್ರು ಪರೀಕ್ಷೆ ಮುಗಿಸಬಹುದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬಟ್ಟೆ ಬ್ಯಾಗು ಬೇಡ, ಬೆಕ್ಕು ಮೂತಿಯಿಂದ ಒತ್ತಿ ಒತ್ತಿ ಝಿಪ್ ಬಿಚ್ಚಿಬಿಡುತ್ತದೆ. ಪಾರದರ್ಶಕ ಗುಮ್ಮಟದ ಬ್ಯಾಕ್‌ಪ್ಯಾಕ್ ಅಂತೂ ನಮ್ಮ ಏಪ್ರಿಲ್ ಸೆಕೆಗೆ ಹೇಳಿದ್ದಲ್ಲ, ಒಳಗೆ ಬೆಂದುಹೋಗುತ್ತದೆ. ಕ್ಯಾರಿಯರ್ ದುಬಾರಿ ಎನಿಸಿದರೆ ತರಕಾರಿಯ ಪ್ಲಾಸ್ಟಿಕ್ ಕ್ರೇಟ್ ಎರಡನ್ನು ಮುಖಾಮುಖಿ ಮಗುಚಿ, ಒಂದು ಬದಿಗೆ ಕೇಬಲ್ ಟೈ ಬಿಗಿದು, ಇನ್ನೊಂದು ಬದಿಯನ್ನು ಹಗ್ಗದಲ್ಲಿ ಕಟ್ಟಿ. ಗಾಳಿ ಬೇಕಾದಷ್ಟು, ಖರ್ಚು ಸ್ವಲ್ಪವೇ.

ಚುಚ್ಚುಮದ್ದಿನ ದಿನಕ್ಕೆ ಎರಡು ವಾರ ಇರುವಾಗಲೇ ಪೆಟ್ಟಿಗೆ ಚಾವಡಿಯ ಮೂಲೆಯಲ್ಲಿ ಬಾಗಿಲು ತೆರೆದುಕೊಂಡು ಕೂರಲಿ. ಒಳಗೆ ನೀವು ಉಟ್ಟ ಹಳೇ ಲುಂಗಿಯೋ ಬೈರಾಸೋ ಹಾಸಿ, ತೊಳೆದದ್ದು ಬೇಡ, ನಿಮ್ಮ ವಾಸನೆ ಇರಬೇಕು. ಊಟದ ತಟ್ಟೆಯನ್ನು ಮೊದಲು ಪೆಟ್ಟಿಗೆಯ ಹತ್ತಿರ ಇಡಿ. ಹೆದರದೆ ತಿಂದರೆ ಮರುದಿನ ಬಾಗಿಲ ಹೊಸಿಲಲ್ಲಿ, ಆಮೇಲೆ ಒಳಗೆ, ಕೊನೆಗೆ ಹಿಂದಿನ ಗೋಡೆಗೆ ತಾಗಿಸಿ. ಬೇಯಿಸಿ ಮುಳ್ಳು ತೆಗೆದ ಬೂತಾಯಿ ಒಂದು ತುಂಡು ಹಾಕಿದರೆ ಕೆಲಸ ಬೇಗ ಆಗುತ್ತದೆ. ಮುಂಗಾಲು ಎರಡು ಒಳಗಿಟ್ಟು, ಹಿಂಗಾಲು ಹೊರಗೇ ಬಿಟ್ಟು, ಕತ್ತು ಉದ್ದ ಮಾಡಿ ತಿನ್ನುವ ಹಂತ ಬರುತ್ತದಲ್ಲ, ಅಲ್ಲಿಯೇ ಜನ ಕೆಡಿಸುವುದು. ಹಿಂದಿನಿಂದ ದೂಡಿ ಬಾಗಿಲು ಹಾಕಿಬಿಡುತ್ತಾರೆ. ದಯವಿಟ್ಟು ಕೈ ಹಾಕಬೇಡಿ. ನಾಲ್ಕೂ ಕಾಲು ತಾನಾಗಿ ಒಳಗೆ ಹೋಗುವವರೆಗೆ ಕಾಯಿರಿ. ಅದು ಒಳಗೇ ನಿದ್ದೆ ಮಾಡಲು ಶುರುಮಾಡಿದ ಮೇಲೆ ತಿನ್ನುವಾಗ ಬಾಗಿಲು ಮುಚ್ಚಿ, ತಿಂದು ತಲೆ ಎತ್ತುವ ಮೊದಲೇ ತೆರೆಯಿರಿ. ಆಮೇಲೆ ಎತ್ತಿಕೊಂಡು ಗೇಟಿನವರೆಗೆ ಹೋಗಿ ವಾಪಸು, ಬಂದ ಕೂಡಲೇ ತಿಂಡಿ. ಸಾಧ್ಯವಾದರೆ ಒಮ್ಮೆ ರಿಕ್ಷಾದಲ್ಲಿ ಸಣ್ಣ ಸುತ್ತು.

ಹೋಗುವ ದಿನ ದೊಡ್ಡ ಬೆಕ್ಕಿಗೆ ಮೂರು-ನಾಲ್ಕು ಗಂಟೆ ಮೊದಲಿಂದ ಊಟ ಬೇಡ, ದಾರಿಯಲ್ಲಿ ವಾಂತಿ ಕಡಿಮೆ. ಚಿಕ್ಕ ಮರಿಯನ್ನು ಉಪವಾಸ ಕೆಡವಬೇಡಿ. ಪೆಟ್ಟಿಗೆ ಮುಟ್ಟುವ ಮೊದಲು ಕಿಟಕಿ, ಬಚ್ಚಲ ಬಾಗಿಲು, ಅಟ್ಟದ ದಾರಿ ಎಲ್ಲ ಮುಚ್ಚಿ. ಇಷ್ಟಾದರೂ ಹೊಕ್ಕದಿದ್ದರೆ ಪೆಟ್ಟಿಗೆಯನ್ನು ಬಾಗಿಲು ಮೇಲೆ ಬರುವಂತೆ ನೆಟ್ಟಗೆ ನಿಲ್ಲಿಸಿ, ಬೆಕ್ಕನ್ನು ಬೈರಾಸಿನಲ್ಲಿ ಸುತ್ತಿ, ಬಾಲದ ಕಡೆಯಿಂದ ಮೆಲ್ಲ ಇಳಿಸಿ. ತಲೆ ಮುಂದಾಗಿ ತುರುಕಿದರೆ ನಾಲ್ಕು ಕಾಲನ್ನೂ ಚೌಕಟ್ಟಿಗೆ ಒತ್ತಿ ನಿಲ್ಲುತ್ತದೆ.

ರಿಕ್ಷಾದಲ್ಲಿ ಪೆಟ್ಟಿಗೆ ಸೀಟಿನ ಮೇಲೆ ಬೇಡ, ನಿಮ್ಮ ಕಾಲುಗಳ ನಡುವೆ ಕೆಳಗೆ ಇರಲಿ, ಮೇಲೆ ತೆಳು ಬಟ್ಟೆ ಹೊದಿಸಿ. ಮಂಗಳೂರಿನ ಪಂಪ್‌ವೆಲ್ಲಿನಲ್ಲೋ ಉಡುಪಿಯ ಕಲ್ಸಂಕದಲ್ಲೋ ಬಸ್ಸಿನ ಹಾರ್ನ್ ಬಡಿಯುವಾಗ ಬಾಗಿಲು ತೆರೆದು ಸಮಾಧಾನ ಮಾಡಲು ಹೋಗಬೇಡಿ, ಹಾಗೆ ಕಳೆದುಹೋದ ಬೆಕ್ಕನ್ನು ಹುಡುಕುವುದು ಬಹಳ ಕಷ್ಟ. ಕ್ಲಿನಿಕ್‌ನಲ್ಲಿ ನೆಲದ ಮೇಲೆ ಇಟ್ಟರೆ ನಾಯಿಗಳ ಮೂತಿಗೆ ಸರಿಯಾಗಿ ಸಿಗುತ್ತದೆ. ಕುರ್ಚಿಯ ಮೇಲೆ, ಬಾಗಿಲು ನಿಮ್ಮ ಕಡೆಗೆ ಮಾಡಿ ಇಡಿ.

ಮನೆಗೆ ಬಂದ ಮೇಲೆ ಅಂಗಳದಲ್ಲಿ ಬಿಡಬೇಡಿ, ಒಂದು ಕೋಣೆಯೊಳಗೆ ತೆರೆಯಿರಿ. ಪೆಟ್ಟಿಗೆಯನ್ನು ತೊಳೆದು ಅಟ್ಟಕ್ಕೆ ಹಾಕುವುದೂ ಬೇಡ. ಅದು ಮತ್ತೆ ಅದೇ ಮೂಲೆಯಲ್ಲಿ, ಅದೇ ತಿಂಡಿಯ ಜೊತೆ ಇರಲಿ. ಎರಡನೇ ಡೋಸಿಗೆ ಬೆಕ್ಕು ಸಿಗುವುದೋ ಇಲ್ಲವೋ ಎನ್ನುವುದು ಈ ಮೂರು-ನಾಲ್ಕು ವಾರದಲ್ಲೇ ತೀರ್ಮಾನವಾಗುತ್ತದೆ.

ಕ್ಲಿನಿಕ್‌ನಲ್ಲಿ

ಹೊರಡುವ ಮೊದಲು ಫೋನ್ ಮಾಡಿ, ಟ್ರೈಕ್ಯಾಟ್ ಸ್ಟಾಕ್ ಇದೆಯಾ ಕೇಳಿ. ಸರಕಾರಿ ಪಶು ಆಸ್ಪತ್ರೆಗಳು ರೇಬೀಸ್ ಲಸಿಕೆಯ ಶಿಬಿರ ಮಾಡುವುದುಂಟು, ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ವಿಚಾರಿಸಿ.

ಲಸಿಕೆ ಫ್ರಿಜ್ಜಿನಿಂದ ನಿಮ್ಮೆದುರೇ ಬರಬೇಕು, ನಿಮ್ಮೆದುರೇ ಒಡೆಯಬೇಕು, ಅದರ ಸ್ಟಿಕ್ಕರ್ ಕಾರ್ಡಿಗೆ ಅಂಟಬೇಕು. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ವಸ್ತು. ಪರಿಚಯದವರು ಮೆಡಿಕಲ್ಲಿನಿಂದ ಬರೀ ಪ್ಲಾಸ್ಟಿಕ್ ತೊಟ್ಟೆಯಲ್ಲಿ ತಂದು ಮನೆಯಲ್ಲೇ ಕಡಿಮೆಗೆ ಚುಚ್ಚಿ ಹೋಗುತ್ತಾರಲ್ಲ, ಅದಕ್ಕೆ ಒಪ್ಪಬೇಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಅಂಗಡಿಯ ಫ್ರಿಜ್ಜು ಎಷ್ಟು ಹೊತ್ತು ಬಿಸಿಯಾಗಿತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಹಾಳಾದ ಲಸಿಕೆ ನೋಡಲು ಚೆನ್ನಾಗಿಯೇ ಇರುತ್ತದೆ. ಐಸ್ ಪೆಟ್ಟಿಗೆಯಲ್ಲಿ ತರುವ ಡಾಕ್ಟ್ರು ಮನೆಗೇ ಬರುತ್ತಾರಾದರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಕಾಲಿನಲ್ಲಿ, ಆದಷ್ಟು ಕೆಳಗೆ ಚುಚ್ಚಲು ಕೇಳಿ. ಚುಚ್ಚಿದ ಜಾಗದಲ್ಲಿ ಬಲು ಅಪರೂಪಕ್ಕೆ ಕ್ಯಾನ್ಸರ್ ಗಡ್ಡೆ ಬರುವುದುಂಟು, ಹೆಗಲ ನಡುವೆ ಬಂದರೆ ತೆಗೆಯುವುದು ಕಷ್ಟ. ಚಿಕ್ಕ ಗಂಟು ಎದ್ದು ಇಳಿಯುವುದು ಸಾಮಾನ್ಯ. ಮೂರು ತಿಂಗಳಾದರೂ ಇದ್ದರೆ, 2 ಸೆಂಟಿಮೀಟರ್ ದಾಟಿದರೆ, ಅಥವಾ ಒಂದು ತಿಂಗಳ ನಂತರವೂ ಬೆಳೆಯುತ್ತಿದ್ದರೆ ತೋರಿಸಿ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಮುಖ ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಕರೆಯಲು. ಒಂದೆರಡು ದಿನ ಮಂಕಾಗಿ ಮಲಗಿದರೆ ಹಾಗೇ ಬಿಡಿ. ಜ್ವರ ಎಂದು ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ, ಮನುಷ್ಯರ ಅರ್ಧ ಮಾತ್ರೆಯೇ ಬೆಕ್ಕಿನ ಜೀವ ತೆಗೆಯಬಹುದು.

ಉಳಿದದ್ದು

ಚಿಗಟಕ್ಕೆ ಬೆಕ್ಕಿಗೆಂದೇ ಮಾಡಿದ ಮದ್ದು ಮಾತ್ರ. ನಾಯಿಯ ಕತ್ತಿಗೆ ಹಾಕುವ ಹನಿಮದ್ದಿನಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ. ಫಿನಾಯಿಲಿನಲ್ಲಿ ನೆಲ ಒರೆಸುವುದನ್ನೂ ಬಿಡಿ, ಪಾದ ನೆಕ್ಕುವ ಪ್ರಾಣಿಗೆ ಅದು ವಿಷ. ಪ್ಯಾನ್‌ಲ್ಯುಕೋಪೀನಿಯಾದಿಂದ ಮರಿ ಸತ್ತ ಮನೆಯಲ್ಲಿ ವೈರಸ್ ಒಂದು ವರ್ಷದವರೆಗೂ ಉಳಿಯಬಹುದು. ಬ್ಲೀಚ್ ಹಾಕಿ ತೊಳೆಯಿರಿ, ಲಸಿಕೆ ಮುಗಿಯದ ಹೊಸ ಮರಿಯನ್ನು ತರಬೇಡಿ.

ಸಂತಾನಹರಣ ಐದು ತಿಂಗಳಿಗೆ ಮಾಡಿಸಿ. ಒಂದು ಸೂಲು ಆಗಲಿ ಎಂದು ಕಾಯುವುದರಲ್ಲಿ ಯಾವ ಲಾಭವೂ ಇಲ್ಲ.

ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಶಿನ ಏನೂ ಹಚ್ಚದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯ ಬೆಕ್ಕೇ ಆದರೂ, ಅದಕ್ಕೆ ಲಸಿಕೆ ಆಗಿದ್ದರೂ, ನಿಮಗೆ ಇಂಜೆಕ್ಷನ್ ಬೇಕೋ ಬೇಡವೋ ಎಂದು ಡಾಕ್ಟ್ರೇ ಹೇಳಲಿ.

ಲಸಿಕೆಗೆ ಹೋದಾಗಲೇ ತೂಕ, ಹಲ್ಲು, ಕಿವಿ ನೋಡಿಸಿಕೊಂಡು ಬನ್ನಿ. ಹತ್ತು ವರ್ಷ ದಾಟಿದ್ದಕ್ಕೆ ಆರು ತಿಂಗಳಿಗೊಮ್ಮೆ ತಪಾಸಣೆ, ಮೂತ್ರಪಿಂಡದ ರಕ್ತಪರೀಕ್ಷೆಯ ಸಮೇತ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕೂತು ತಿಣುಕುತ್ತಿದ್ದು ಹನಿಯೂ ಬರದಿದ್ದರೆ ಭಾನುವಾರ ಕಳೆಯಲಿ ಎಂದು ಕಾಯಬೇಡಿ, ರಾತ್ರಿಯಾದರೂ ಡಾಕ್ಟ್ರಿಗೆ ಫೋನ್ ಮಾಡಿ. ಆಗ ಪೆಟ್ಟಿಗೆ ಹುಡುಕುತ್ತಾ ಕೂರುವಷ್ಟು ಸಮಯ ಇರುವುದಿಲ್ಲ.