ಫ್ಲಾಶ್ ಕೋರ್ಸ್‌ಗಳನ್ನು ಎಚ್‌ಟಿಎಂಎಲ್5ಗೆ ತಂದದ್ದು: ನನ್ನ ಅನುಭವ

ಬ್ರೌಸರ್‌ಗಳು ಕೈಬಿಟ್ಟ ಫ್ಲಾಶ್‌ನಲ್ಲಿದ್ದ ಹಳೆಯ ಪಾಠಗಳನ್ನು ಈಗಿನ ಬ್ರೌಸರ್‌ಗಳು ಓಡಿಸುವ ಎಚ್‌ಟಿಎಂಎಲ್5ಗೆ ಬದಲಿಸಬೇಕಿತ್ತು. ಎಫ್‌ಎಲ್‌ಎ (ತಿದ್ದಬಹುದಾದ ಮೂಲ ಫೈಲ್) ಇಲ್ಲದೆ ಇದು ಆಗದ ಕೆಲಸ, ಹೊಸದಾಗಿಯೇ ಮಾಡಿಸಿ ಎಂದವರೇ ಹೆಚ್ಚು. ಕೈಯಲ್ಲಿದ್ದದ್ದು ಬರೀ ಎಸ್‌ಡಬ್ಲ್ಯೂಎಫ್ (ಓಡಿಸಲು ಸಿದ್ಧವಾದ ಫೈಲ್), ಕೋರ್ಸ್‌ಗಳು ನಲವತ್ತು ಚಿಲ್ಲರೆ. ಎಲ್ಲವೂ ಈಗ ಫೋನಿನಲ್ಲೂ ಓಡುತ್ತಿವೆ. ಹೊಸದಾಗಿ ಮಾಡಿಕೊಡಲು ಕೇಳಿದ್ದ ಮೊತ್ತದಲ್ಲಿ ಮೂರನೇ ಒಂದು ಭಾಗವೂ ಖರ್ಚಾಗಲಿಲ್ಲ.

ಮೊದಲ ಎರಡು ತಿಂಗಳು ಮಾತ್ರ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು. ಬ್ರೌಸರ್‌ನಲ್ಲಿ ಫ್ಲಾಶ್ ಫೈಲ್ ಓಡಿಸುವ ರಫಲ್ ಹಾಕಿದಾಗ ಆಕ್ಷನ್‌ಸ್ಕ್ರಿಪ್ಟ್ (ಫ್ಲಾಶ್‌ನ ಕೋಡ್ ಭಾಷೆ) 2ರವು ಚೆನ್ನಾಗಿ ಓಡಿದವು, 3ರ ಕ್ವಿಜ್‌ಗಳು ನಡುವೆಯೇ ನಿಂತವು. ಓಡಿದವೂ 800×600ರಲ್ಲೇ, ಫೋನಿನಲ್ಲಿ ಅಕ್ಷರ ಕಾಣದು. ಎಸ್‌ಡಬ್ಲ್ಯೂಎಫ್ ಬಿಚ್ಚುವ ಎಫ್‌ಎಫ್‌ಡೆಕ್‌ನಿಂದ ಎಫ್‌ಎಲ್‌ಎ ತೆಗೆದು ಅಡೋಬ್‌ನ ಅನಿಮೇಟ್‌ನಲ್ಲಿ ಎಚ್‌ಟಿಎಂಎಲ್5ರ ಕ್ಯಾನ್ವಾಸ್‌ಗೆ ಬದಲಿಸಿದರೆ ಚಿತ್ರ ಬಂತು, ಕೋಡ್ ಪೂರ್ತಿ ಕಾಮೆಂಟ್ ಆಗಿ, ಅಂದರೆ ಓಡದ ಟಿಪ್ಪಣಿಯಾಗಿ ಕೂತಿತು.

ಆಮೇಲೆ ಹಿಡಿದ ದಾರಿ ಇದು: ಎಫ್‌ಎಫ್‌ಡೆಕ್‌ನಿಂದ ಪಠ್ಯ, ಚಿತ್ರ, ಧ್ವನಿ ಬೇರೆ ಬೇರೆ ಹೊರತೆಗೆಯುವುದು, ಎಲ್ಲ ಕೋರ್ಸ್‌ಗಳಿಗೂ ಒಂದೇ ಪ್ಲೇಯರ್, ಕೋರ್ಸಿಗೊಂದು ಜೇಸನ್ (ಮಾಹಿತಿ ಬರೆದಿಡುವ ಪಠ್ಯ ಫೈಲ್). ಯಾವುದು ಯಾವಾಗ ಕಾಣಬೇಕೆಂದು ತಿಳಿಯಲು ಫ್ರೇಮ್ ಸಂಖ್ಯೆಯನ್ನು ಫ್ರೇಮ್ ದರದಿಂದ (ಸೆಕೆಂಡಿಗೆ ಎಷ್ಟು ಫ್ರೇಮ್) ಭಾಗಿಸಿದರೆ ಸೆಕೆಂಡು ಸಿಗುತ್ತದೆ. 12ರ ದರದಲ್ಲಿ 180ನೇ ಫ್ರೇಮ್ ಎಂದರೆ 15ನೇ ಸೆಕೆಂಡು. ಆ ಹೊತ್ತನ್ನು ಟೈಮರ್‌ಗೆ ಕಟ್ಟಬೇಡಿ, ಆಡಿಯೋ ಎಲ್ಲಿಯವರೆಗೆ ಓಡಿದೆ ಎಂದು ಹೇಳುವ ಕರೆಂಟ್‌ಟೈಮ್‌ಗೆ ಕಟ್ಟಿ. ಟೈಮರ್‌ಗೆ ಕಟ್ಟಿದರೆ ನೆಟ್ ತಡವರಿಸಿದಾಗ ಮಾತು ಹಿಂದೆ, ಬಾಣದ ಗುರುತು ಮುಂದೆ. ಎಫ್‌ಎಲ್‌ವಿಗಳನ್ನು (ಫ್ಲಾಶ್ ವಿಡಿಯೋ) ಎಫ್‌ಎಫ್‌ಎಂಪೆಗ್ ತಂತ್ರಾಂಶದಿಂದ ಎಚ್.264 ವಿಡಿಯೋ ಮಾಡುವಾಗ ಅಗಲ ಅಥವಾ ಎತ್ತರ ಬೆಸಸಂಖ್ಯೆಯಾಗಿದ್ದರೆ ಎನ್‌ಕೋಡರ್ ನಿಂತುಬಿಡುತ್ತದೆ. ಅಂಚಿಗೆ ಒಂದು ಪಿಕ್ಸೆಲ್ ಸೇರಿಸಿದರೆ ಸಾಕು.

ಚಿತ್ರ ಓಡಿಸುವುದಕ್ಕಿಂತ ಅಂಕ ಉಳಿಸುವುದೇ ನಿಜವಾದ ಕೆಲಸ. ಹಳೆಯ ಕೋರ್ಸ್‌ಗಳು ಕಿಟಕಿ ಮುಚ್ಚುವಾಗ ಎಲ್‌ಎಂಎಸ್‌ಗೆ (ಕೋರ್ಸ್ ನಡೆಸಿ ಅಂಕ ದಾಖಲಿಸುವ ವ್ಯವಸ್ಥೆ) ಅಂಕ ಕಳಿಸುತ್ತಿದ್ದವು. ಪುಟ ಮುಚ್ಚುವ ಹೊತ್ತಿನ ಸಿಂಕ್ರೊನಸ್ ಕರೆಯನ್ನು (ಉತ್ತರ ಬರುವವರೆಗೆ ಪುಟವನ್ನು ತಡೆದಿಡುವುದು) ಕ್ರೋಮ್ 80ರಿಂದ ತಡೆದರು. ಕಲಿತವರು ನೂರಕ್ಕೆ ನೂರು ತೆಗೆದರೂ ಎಲ್‌ಎಂಎಸ್‌ನಲ್ಲಿ ಖಾಲಿ. ಆದ್ದರಿಂದ ಪ್ರತಿ ಉತ್ತರ ಒತ್ತಿದ ಕೂಡಲೇ ಎಲ್‌ಎಂಎಸ್‌ಕಮಿಟ್ (ಉಳಿಸುವ ಆಜ್ಞೆ), ಕೊನೆಗೆ ‘ಮುಗಿಸಿ’ ಬಟನ್‌ನಲ್ಲೇ ಎಲ್‌ಎಂಎಸ್‌ಫಿನಿಶ್ (ಮುಗಿಸುವ ಆಜ್ಞೆ). ಶುರುವಿನಲ್ಲೇ ಸ್ಥಿತಿಯನ್ನು ‘ಇನ್‌ಕಂಪ್ಲೀಟ್’ ಎಂದು ಬರೆಯಿರಿ. ಬರೆಯದಿದ್ದರೆ ಸ್ಕಾರ್ಮ್ 1.2ರಲ್ಲಿ (ಕೋರ್ಸ್ ಮತ್ತು ಎಲ್‌ಎಂಎಸ್ ಮಾತಾಡಿಕೊಳ್ಳುವ ನಿಯಮಾವಳಿ) ಒಂದೇ ಪುಟ ನೋಡಿ ಎದ್ದವರೂ ಪೂರೈಸಿದವರಾಗುತ್ತಾರೆ.

ಇನ್ನೊಂದು ಪೆಟ್ಟು ಬಿದ್ದದ್ದು ಸಸ್ಪೆಂಡ್ ಡೇಟಾದಲ್ಲಿ (ಬಿಟ್ಟಲ್ಲಿಂದ ಮುಂದುವರಿಸಲು ಉಳಿಸುವ ಮಾಹಿತಿ). 1.2ರಲ್ಲಿ ಅದರ ಮಿತಿ 4096 ಅಕ್ಷರ. ಉತ್ತರಗಳನ್ನೆಲ್ಲ ಜೇಸನ್ ಆಗಿ ತುರುಕಿದ್ದೆ. ಕೆಲವು ಎಲ್‌ಎಂಎಸ್‌ಗಳು ಸದ್ದಿಲ್ಲದೆ ಬಾಲ ಕತ್ತರಿಸುತ್ತವೆ; ಮರುದಿನ ತೆರೆದರೆ ಆ ಮಾಹಿತಿ ಓದಲಾಗದೆ ಮತ್ತೆ ಮೊದಲ ಪುಟ. ಈಗ ಪ್ರಶ್ನೆಗೊಂದೇ ಅಕ್ಷರ: ಸರಿಗೆ 1, ತಪ್ಪಿಗೆ 0, ಮುಟ್ಟದ್ದಕ್ಕೆ ಗೆರೆ. 120 ಪ್ರಶ್ನೆಯ ಕೋರ್ಸ್ 120 ಅಕ್ಷರದಲ್ಲಿ ಮುಗಿಯಿತು.

ನಡುವೆ ಧ್ವನಿಯನ್ನು ಓಪಸ್ ಎಂಬ ಆಡಿಯೋ ರೂಪಕ್ಕೆ ಬದಲಿಸಿ ನೋಡಿದೆ. ಗಾತ್ರ ಸುಮಾರು ಅರ್ಧಕ್ಕಿಳಿಯಿತು, ಮಾತು ಸ್ಪಷ್ಟವಾಗಿಯೇ ಇತ್ತು. ಹಳೆಯ ಸಫಾರಿಯಲ್ಲಿ ಮಾತ್ರ ಸದ್ದೇ ಇಲ್ಲ, ಎಂಪಿ3ಗೆ ಮರಳಿದೆ.

ಮೊದಲ ಕೋರ್ಸಿಗೆ ಮೂರು ವಾರ ಹಿಡಿದಿತ್ತು. ಕೊನೆಯ ಹತ್ತು ತಲಾ ಎರಡು ಎರಡೂವರೆ ದಿನ, ಅದರಲ್ಲಿ ಅರ್ಧ ಪಠ್ಯದ ತಪ್ಪು ನೋಡುವುದಕ್ಕೇ.